ಜೀವನೋಪಾಯದ ವಿದ್ಯೆಯೂ ಜ್ಞಾನದಾನವೇ?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಕನ್ನಡ ನಾಡಿನಲ್ಲಿ ಅತ್ತಿಮಬ್ಬೆಯೇ ನಿದರ್ಶನ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆ ಶ್ರಾವಿಕೆಯನ್ನು ಲೋಕವು ದಾನಚಿಂತಾಮಣಿಯೆಂದು ಕೊಂಡಾಡಿತು. ಹಾಗಾದರೆ ಬಸದಿಯ ಸಭಾಭವನದಲ್ಲಿ ಸಂಜೆಯ ವೇಳೆ ಜಪಾನೀ ಭಾಷೆಯ ಮೊದಲ ಪಾಠಗಳನ್ನು ಹೇಳಿಕೊಡುವುದು ಯಾವ ದಾನವಾದೀತು?

ಮಂಡ್ಯ, ಮದ್ದೂರು, ಮಳವಳ್ಳಿಗಳ ಮನೆಗಳಿಗೆ ಇದು ದೂರದ ಪ್ರಶ್ನೆಯಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯು 1999ರಲ್ಲಿ ಉತ್ಪಾದನೆಯನ್ನಾರಂಭಿಸಿತು. ಕುಶಲ ಕೆಲಸಗಾರರನ್ನು ಕುರಿತು ಭಾರತ ಮತ್ತು ಜಪಾನ್ ದೇಶಗಳು 2021ರ ಜನವರಿಯಲ್ಲಿ ಒಡಂಬಡಿಕೆ ಮಾಡಿಕೊಂಡವು. ಹೊಲದ ಆದಾಯ ಸಾಲದ ತರುಣರ ದೃಷ್ಟಿ ಅತ್ತ ಹರಿಯುವುದು ಸಹಜ.

ಧರ್ಮದ ದ್ರವ್ಯವನ್ನು ಲೌಕಿಕ ವಿದ್ಯೆಗೆ ವಿನಿಯೋಗಿಸಬಾರದೆಂಬ ಆಕ್ಷೇಪಣೆಯುಂಟು. ದೇವದ್ರವ್ಯವನ್ನು ಮುಟ್ಟಬಾರದೆಂಬುದು ನಿಜ. ಅದಕ್ಕೆ ಪ್ರತ್ಯೇಕ ವಿದ್ಯಾನಿಧಿಯೇ ಬೇಕು. ಆದರೆ ವಿದ್ಯೆಯನ್ನೇ ಹೀನವೆನ್ನಲಾಗದು. ಆದಿತೀರ್ಥಂಕರನು ವೈರಾಗ್ಯಕ್ಕೆ ಮುನ್ನ ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕಿಯನ್ನೂ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನೂ ಕಲಿಸಿದನೆಂದು ಪುರಾಣವು ಹೇಳುತ್ತದೆ. ಹಸಿದವನಿಗೆ ಮೊದಲು ಬದುಕುವ ದಾರಿ, ಅನಂತರ ಮೋಕ್ಷಮಾರ್ಗ.

ಕನ್ನಡಿಗರಿಗೆ ಆ ಭಾಷೆಯ ಆರಂಭವು ಕಠಿಣವೂ ಅಲ್ಲ. 'ವಾತಾಶಿ ವಾ ಮಿಜು ಓ ನೊಮಿಮಾಸು' ಎಂಬುದು 'ನಾನು ನೀರನ್ನು ಕುಡಿಯುತ್ತೇನೆ' ಎಂಬುದರ ಕ್ರಮದಲ್ಲಿಯೇ ಇದೆ. ಕ್ರಿಯಾಪದವು ಕೊನೆಗೆ, ವಿಭಕ್ತಿಯಂಥ ಪ್ರತ್ಯಯವು ನಾಮಪದದ ಹಿಂದೆ. ಪರರ ಹೆಸರಿಗೆ 'ಸಾನ್' ಎಂಬ ಗೌರವಪದವನ್ನು ಸೇರಿಸಬೇಕು, ತನ್ನ ಹೆಸರಿಗೆ ಸೇರಿಸಕೂಡದು. ಮಾನಕಷಾಯವನ್ನು ತಗ್ಗಿಸುವ ಪಾಠವು ಅಲ್ಲಿಯೂ ಉಂಟು.

ನಿಜವಾದ ಧರ್ಮಸೂಕ್ಷ್ಮವಿರುವುದು ಅಳತೆಯಲ್ಲಿ. ತೂಕ-ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸುತ್ತದೆ. ಮಂಡ್ಯದ ಬೆಲ್ಲಕ್ಕೂ ಮದ್ದೂರಿನ ಎಳನೀರಿಗೂ ಇರುವ ಈ ನಿಯಮವು ವಿದ್ಯೆಗೂ ಸಲ್ಲಬೇಕು. ಹಿರಾಗಾನಾ, ಕತಾಕಾನಾ ಲಿಪಿಗಳ ತಲಾ 46 ಮೂಲಾಕ್ಷರಗಳನ್ನು ಕಲಿಸಿ 'ಇನ್ನು ಉದ್ಯೋಗ ಖಂಡಿತ' ಎನ್ನುವವನು ಕಡಿಮೆ ತೂಗಿದವನೇ ಸರಿ. ಜಪಾನೀ ಭಾಷಾಪರೀಕ್ಷೆಯ ಐದು ಹಂತಗಳಲ್ಲಿ ಎನ್5 ಅತ್ಯಂತ ಕೆಳಗಿನದು. ಆ ಒಡಂಬಡಿಕೆಯ ಉದ್ಯೋಗಗಳಿಗೆ ಸಾಮಾನ್ಯವಾಗಿ ಎನ್4 ಅಥವಾ ಅದಕ್ಕೆ ಸಮನಾದ ಭಾಷಾಜ್ಞಾನದೊಡನೆ ಕೌಶಲಪರೀಕ್ಷೆಯೂ ಅಗತ್ಯ. ಇದನ್ನು ಮರೆಮಾಚಿದಲ್ಲಿ ತಂದೆತಾಯಿಗಳು ಜಮೀನನ್ನು ಅಡವಿಟ್ಟು ದಲ್ಲಾಳಿಗೆ ಹಣ ತೆತ್ತಾರು.

ಇದಕ್ಕೆ ವಿರುದ್ಧವಾದ ದೋಷವೂ ಇದೆ. ಬಲ್ಲುದನ್ನು ಬಚ್ಚಿಡುವ ನಿಹ್ನವ, ಶಿಷ್ಯನು ತನ್ನನ್ನು ಮೀರಿಯಾನೆಂಬ ಮಾತ್ಸರ್ಯ, ಅನ್ಯರ ಕಲಿಕೆಗೆ ಅಡ್ಡಿಯಾಗುವ ಅಂತರಾಯ, ಇವು ಜ್ಞಾನಾವರಣೀಯ ಕರ್ಮಕ್ಕೆ ಕಾರಣಗಳು. ಸಮಾಜದ ಮಕ್ಕಳಿಗೆ ಮಾತ್ರವೆಂದು ಬಾಗಿಲಿಕ್ಕುವುದೂ ಅಂತರಾಯವೇ.

ಆದುದರಿಂದ ತರಗತಿ ನಡೆಸುವ ಟ್ರಸ್ಟುಗಳು ಏನನ್ನು ಕಲಿಸಲಾಗುವುದು, ಎಲ್ಲಿಯವರೆಗೆ, ಅದರಿಂದ ಏನು ದೊರೆಯದು ಎಂಬುದನ್ನು ಮೊದಲ ದಿನವೇ ತಿಳಿಸತಕ್ಕದ್ದು. ಬಲ್ಲಷ್ಟನ್ನು ಪೂರ್ಣವಾಗಿ ನೀಡಿ, ಇಲ್ಲದುದನ್ನು ಉಂಟೆನ್ನದೆ ಕಲಿಸಿದಲ್ಲಿ ಜೀವನೋಪಾಯದ ವಿದ್ಯೆಯೂ ಜ್ಞಾನದಾನವೇ ಆದೀತು.