ಪರಹಸ್ತದ ಕಾಯಕ

ಕಾಯದಿಂದ ಮಾಡುವುದೇ ಕಾಯಕವೆಂದು ಶಬ್ದಾರ್ಥವನ್ನು ಹೇಳುವ ವಾಡಿಕೆಯುಂಟು. ಈ ಅರ್ಥವನ್ನೇ ಬಿಗಿಯಾಗಿ ಹಿಡಿದರೆ ಒಂದು ತೊಡಕು ತಲೆದೋರುತ್ತದೆ. ಪರರ ಕೈಯಿಂದ ಕೆಲಸವನ್ನು ಮಾಡಿಸಿ, ಅದರ ಫಲವನ್ನು ತನ್ನ ಹೆಸರಿನಲ್ಲಿ ಮಾರುವವನಿಗೆ ಕಾಯಕವೆಂಬುದು ಉಂಟೋ ಇಲ್ಲವೋ? ಉಂಟೆಂದರೆ ಅದು ಅವನ ಯಾವ ಕ್ರಿಯೆಯಲ್ಲಿದೆ? ಇಲ್ಲವೆಂದರೆ ಇಂದಿನ ವ್ಯಾಪಾರಸ್ಥ ಸದ್ಭಕ್ತರಲ್ಲಿ ಬಹುಮಂದಿ ಶರಣಮಾರ್ಗದಿಂದ ಹೊರಗುಳಿಯಬೇಕಾಗುತ್ತದೆ. ಇದು ವಿಚಾರಿಸತಕ್ಕ ವಿಷಯ.

ಕೃಷ್ಣಾನದಿಯ ದಡದಲ್ಲಿರುವ ತಿಂಥಣಿಯಲ್ಲಿ ಈ ಪ್ರಶ್ನೆಯನ್ನು ಎತ್ತುವುದು ಉಚಿತವೇ ಆಗಿದೆ. ಅದು ಮೌನೇಶ್ವರರ ಸನ್ನಿಧಾನ. ಕಮ್ಮಾರ, ಬಡಿಗ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗರೆಂಬ ಐದು ಕಸುಬಿನವರು ಅವರನ್ನು ತಮ್ಮ ಗುರುವೆಂದು ನಂಬಿ ನಡೆಯುತ್ತಾರೆ. ಮುಸಲ್ಮಾನರೂ ಭಕ್ತಿಯಿಂದ ಬಂದು ಮಣಿಯುತ್ತಾರೆ. ಈ ಸೀಮೆಯ ಒಕ್ಕಲಿಗನ ಮನೆಯಲ್ಲಿ ಕುಲುಮೆಯಿರಲಿಲ್ಲ, ಕುಲುಮೆ ಊರಲ್ಲಿತ್ತು. ನೇಗಿಲಿನ ಕುಳವನ್ನು ಹರಿತಗೊಳಿಸುವವನು, ಕೂರಿಗೆಯನ್ನೂ ಬಂಡಿಯ ಗಾಲಿಯನ್ನೂ ಸರಿಪಡಿಸುವವನು ಒಕ್ಕಲಿಗನ ಆಳಲ್ಲ, ಊರಿನ ಆಯಗಾರ. ಒಂದೊಂದು ಕೆಲಸಕ್ಕೆ ಒಂದೊಂದು ದರವೆಂಬುದಿಲ್ಲ. ಸುಗ್ಗಿಯಲ್ಲಿ ರಾಶಿಯಾದಾಗ ಕಣದಲ್ಲಿಯೇ ಅವನ ಆಯವನ್ನು ಅಳೆದು ಕೊಡುತ್ತಿದ್ದರು. ಈಗಿನವರು ಹೊರಗುತ್ತಿಗೆಯೆಂದು ಕರೆಯುವುದು ಹೆಸರಿನಲ್ಲಿ ಹೊಸದಾದರೂ ವಸ್ತುತಃ ಹಳೆಯದು. ಹಾಗೆಂದು ಆ ಪದ್ಧತಿಯನ್ನು ಕೊಂಡಾಡಬೇಕಾದುದಿಲ್ಲ. ಅದು ಜಾತಿಗೆ ಕಟ್ಟುಬಿದ್ದ ಪದ್ಧತಿ; ಆಯಗಾರನ ಮಗನಿಗೆ ಬೇರೆ ದಾರಿಯಿರಲಿಲ್ಲ, ಕೆಳಗಿನವರೆನಿಸಿದವರಿಗಂತೂ ಆಯವು ಭಿಕ್ಷೆಯಂತೆ ಬೀಳುತ್ತಿತ್ತು. ಆದರೂ ಅದರಲ್ಲಿ ಒಂದು ಗುಣವಿತ್ತು. ಕೆಲಸ ಮಾಡಿದವನು ಕಣ್ಣೆದುರಿಗೆ ಇರುತ್ತಿದ್ದನು. ಅವನ ಪಾಲನ್ನು ಅಳೆಯುವ ಮೊದಲು ರಾಶಿ ಮನೆ ಸೇರುತ್ತಿರಲಿಲ್ಲ.

ಈಗ ಇದೇ ಸೀಮೆಯ ಗೃಹಸ್ಥನೊಬ್ಬನ ಮಗನು ಹೊಸ ಉದ್ಯಮವೊಂದನ್ನು, ಜನರ ಬಾಯಲ್ಲಿ ಸ್ಟಾರ್ಟಪ್ ಎನಿಸಿಕೊಳ್ಳುವುದನ್ನು, ತೆರೆದನೆಂದು ಭಾವಿಸೋಣ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತುದನ್ನು ಕಂಡು, ತನ್ನ ಊರಿನ ತೊಗರಿಯನ್ನೂ ಬೇಳೆಮಾಡಿಸಿ ಚೀಲಕಟ್ಟಿ ಬೆಂಗಳೂರಿಗೆ ಮಾರುವುದು ಅವನ ಸಂಕಲ್ಪ. ಬೇಳೆ ಒಡೆಯುವುದು ಬೇರೊಬ್ಬರ ಗಿರಣಿಯಲ್ಲಿ. ಚೀಲದ ಮೇಲಿನ ಚಿತ್ರವನ್ನು ಬರೆಯುವವನು ಹುಬ್ಬಳ್ಳಿಯಲ್ಲಿ. ಲೆಕ್ಕ ಬರೆಯುವವಳು ರಾಯಚೂರಿನಲ್ಲಿ. ಗಣಕಯಂತ್ರದ ಅಂಗಡಿಯನ್ನು ಕಟ್ಟಿಕೊಡುವವನು ಎಲ್ಲಿಯವನೋ, ಇವನು ಅವನ ಮುಖವನ್ನೇ ಕಂಡಿಲ್ಲ. ಇವರಾರೂ ಇವನ ನೌಕರರಲ್ಲ. ಒಂದು ಕೆಲಸಕ್ಕೆ ಒಂದು ಹಣವೆಂದು ಒಪ್ಪಿಕೊಂಡ ಬಿಡಿ ಕೆಲಸಗಾರರು. ಮನೆಯ ಹಿರಿಯರು ಕೇಳುತ್ತಾರೆ: ಎಲ್ಲವನ್ನೂ ಅವರಿವರು ಮಾಡಿದರೆ ಇದರಲ್ಲಿ ನಿನ್ನದೇನಪ್ಪಾ?

ಮಾಡಿಸುವುದೂ ಒಂದು ಕ್ರಿಯೆಯೇ ಎಂಬ ಉತ್ತರವು ತಪ್ಪಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಭಂಡಾರಿಯ ಕಾಯಕವು ಅನೇಕರ ಕೆಲಸಕ್ಕೆ ಹೊಣೆಯಾಗುವ ಕಾಯಕ. ಆದರೆ ಅದೇ ಬಸವಣ್ಣನವರು, ಲಿಂಗಕ್ಕೆ ತಾನು ಸಲ್ಲಿಸಬೇಕಾದ ನಿತ್ಯನೇಮವನ್ನು ಮತ್ತೊಬ್ಬರ ಕೈಗೆ ಬಿಡಲಾಗದೆಂದು ವಚನವೊಂದರಲ್ಲಿ ಖಂಡಿತವಾಗಿ ನುಡಿದಿದ್ದಾರೆ. ಉಣ್ಣುವ ಊಟವನ್ನು ಪರರಿಂದ ಉಣ್ಣಿಸಿಕೊಂಡು ತನ್ನ ಹಸಿವನ್ನು ಕಳೆದುಕೊಳ್ಳುವವನು ಲೋಕದಲ್ಲಿಲ್ಲವೆಂಬುದು ಅಲ್ಲಿಯ ನಿದರ್ಶನದ ತಾತ್ಪರ್ಯ. ಇದರಿಂದ ಒಂದು ವಿಭಾಗವು ಸ್ಪಷ್ಟವಾಗುತ್ತದೆ. ಪರಹಸ್ತಕ್ಕೆ ಕೊಡಬಹುದಾದುದು ಒಂದು, ಕೊಡಲಾಗದ್ದು ಮತ್ತೊಂದು. ಚಿತ್ರವನ್ನು ಬರೆಸಬಹುದು, ಲೆಕ್ಕವನ್ನು ಬರೆಸಬಹುದು. ತೂಕ ಸರಿಯಿದೆಯೆಂಬ ಮಾತಿಗೆ ಹೊಣೆಯಾಗುವುದು, ದುಡಿದವನ ಹಣವನ್ನು ದುಡಿದ ಹೊತ್ತಿಗೆ ಮುಟ್ಟಿಸುವುದು, ಇವು ವ್ಯಾಪಾರಿಯ ನಿತ್ಯನೇಮಗಳು. ಇವನ್ನೂ ಹೊರಗುತ್ತಿಗೆಗೆ ಕೊಟ್ಟವನಿಗೆ ಹಿರಿಯರ ಪ್ರಶ್ನೆಯ ಮುಂದೆ ಉತ್ತರವಿಲ್ಲ.

ಕೆಲಸವನ್ನು ಹೊರಗೆ ಕೊಟ್ಟಾಗ ದೃಷ್ಟಿಯಿಂದ ಮರೆಯಾಗುವುದೇನೆಂಬುದನ್ನು ನೇಕಾರಿಕೆಯಲ್ಲಿ ಚೆನ್ನಾಗಿ ಕಾಣಬಹುದು. ಇದೇ ಸುರಪುರ ತಾಲೂಕಿನ ಮುದನೂರಿನ ದೇವರ ದಾಸಿಮಯ್ಯನು ತಾನೇ ನೇಯ್ದು, ತಾನೇ ಸಂತೆಗೆ ಒಯ್ದನೆಂದು ಕಥೆಯುಂಟು. ಇಳಕಲ್ಲಿನ ಸೀರೆಯ ಕ್ರಮ ಬೇರೆ. ಅಲ್ಲಿ ಬಂಡವಾಳವುಳ್ಳ ಯಜಮಾನನು ನೂಲನ್ನೂ ರೇಷ್ಮೆಯನ್ನೂ ಕೊಡುತ್ತಾನೆ; ನೇಕಾರನು ತನ್ನ ಮನೆಯ ಕುಣಿಮಗ್ಗದಲ್ಲಿ ನೇಯ್ದು, ಸೀರೆಗೆ ಇಷ್ಟೆಂದು ಮಜೂರಿಯನ್ನು ಪಡೆಯುತ್ತಾನೆ. ಮಜೂರಿ ಒಬ್ಬನ ಹೆಸರಿಗೆ. ಆದರೆ ಕಂಡಿಕೆ ಸುತ್ತಿದವಳು ಅವನ ಹೆಂಡತಿ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆಯೆಳೆಯಾಗಿ ಜೋಡಿಸುವಲ್ಲಿ ಕೈಗೂಡಿಸಿದವರು ಮನೆಯವರು. ಮಗ್ಗವಿರುವ ನೆಲವು ಅವನದೇ, ಬೆಳಕಿನ ಖರ್ಚೂ ಅವನದೇ. ಸೀರೆಯ ದರವನ್ನು ಕಟ್ಟುವಾಗ ಇವೆಲ್ಲ ಲೆಕ್ಕಕ್ಕೆ ಬಂದವೋ ಇಲ್ಲವೋ ಎಂದು ಯಜಮಾನನು ಕೇಳಿಕೊಳ್ಳದಿದ್ದರೆ ಕೇಳುವವರು ಬೇರೆ ಯಾರೂ ಇಲ್ಲ. ಮನೆಯಲ್ಲಿ ಕುಳಿತು ರಾತ್ರಿಯೆಲ್ಲ ಗಣಕಯಂತ್ರದ ಮುಂದೆ ದುಡಿಯುವ ಇಂದಿನ ಬಿಡಿ ಕೆಲಸಗಾರನ ಸ್ಥಿತಿಯೂ ಇದೇ. ಯಂತ್ರ ಅವನದು, ವಿದ್ಯುತ್ತು ಅವನದು. ಕಾಯಿಲೆ ಬಿದ್ದ ದಿನದ ನಷ್ಟವೂ ಅವನದು.

ಹೊಸ ಉದ್ಯಮಿಯ ಪಕ್ಷದಲ್ಲಿಯೂ ನ್ಯಾಯವಿದೆ, ಅದನ್ನು ಮುಚ್ಚಿಡಲಾಗದು. ಆರು ತಿಂಗಳಿಗೆ ಸಾಲುವಷ್ಟು ಬಂಡವಾಳವುಳ್ಳವನು ಐವರನ್ನು ಖಾಯಮ್ಮಾಗಿ ನೇಮಿಸಿಕೊಂಡು, ಏಳನೆಯ ತಿಂಗಳಿನಲ್ಲಿ ಅವರನ್ನು ಬೀದಿಗೆ ಕಳುಹಿಸುವುದಕ್ಕಿಂತ, ಇಷ್ಟು ಕೆಲಸಕ್ಕೆ ಇಷ್ಟು ಹಣವೆಂದು ಮೊದಲೇ ಹೇಳುವುದು ಹೆಚ್ಚು ಸತ್ಯವಾದ ನಡೆ. ಕೆಲಸಗಾರನಿಗೂ ಸ್ವಾತಂತ್ರ್ಯವುಂಟು, ನಾಲ್ವರ ಕೆಲಸವನ್ನು ಹಿಡಿಯಬಲ್ಲನು, ಊರು ಬಿಡದೆ ದುಡಿಯಬಲ್ಲನು. ಮೇಸ್ತ್ರಿಯ ಮುಂಗಡಕ್ಕೆ ಕಟ್ಟುಬಿದ್ದು ಕುಟುಂಬಸಹಿತ ದೂರದ ಪಟ್ಟಣಕ್ಕೆ ಗುಳೆ ಹೋಗುವ ಈ ಸೀಮೆಯಲ್ಲಿ ಅದು ಸಣ್ಣ ಲಾಭವಲ್ಲ. ಆದುದರಿಂದ ದೋಷವು ಕೆಲಸವನ್ನು ಹೊರಗೆ ಕೊಡುವುದರಲ್ಲಿಲ್ಲ; ಕೊಟ್ಟ ಮೇಲೆ ನಡೆಯುವ ರೀತಿಯಲ್ಲಿದೆ.

ಆ ರೀತಿಯಲ್ಲಿ ಅತ್ಯಂತ ಹೇಯವಾದುದು ಮಾದರಿಯ ನೆಪ. ಹತ್ತು ಮಂದಿಗೆ ಒಂದೊಂದು ಚಿತ್ರವನ್ನು ಮಾದರಿಗಾಗಿ ಬರೆದು ಕಳುಹಿಸೆಂದು ಹೇಳುವುದು. ಒಂದನ್ನು ಸದ್ದಿಲ್ಲದೆ ಬಳಸಿಕೊಂಡು ಹತ್ತೂ ಮಂದಿಗೆ ಒಪ್ಪಿಗೆಯಾಗಲಿಲ್ಲವೆಂದು ಬರೆಯುವುದು. ನದಿಯಾಚೆಯ ಲಿಂಗಸುಗೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಮಾರಯ್ಯನು ನಿತ್ಯಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಒಳಗೆ ತೆಗೆದುಕೊಳ್ಳದೆ, ಆಯ್ದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅದು ಯಾರೂ ಕೇಳದ, ನೆಲಕ್ಕೆ ಬಿದ್ದ ಅಕ್ಕಿ. ಬೇಡಿ ಬರೆಸಿಕೊಂಡ ಚಿತ್ರವನ್ನು ಬೆಲೆಯಿಲ್ಲದೆ ಇಟ್ಟುಕೊಳ್ಳುವವನನ್ನು ಆಕೆ ಏನೆನ್ನುತ್ತಿದ್ದಳೋ.

ಎರಡನೆಯದು ಕಾಲಹರಣ. ತನಗೆ ಗಿರಾಕಿಯಿಂದ ಹಣ ಬರಲಿಲ್ಲ, ಬಂದೊಡನೆ ಕೊಡುವೆನೆಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಗಿರಾಕಿಯ ಸಂಗಡ ವ್ಯವಹಾರವನ್ನು ಮಾಡಿದವನು ವ್ಯಾಪಾರಿ, ಚಿತ್ರಕಾರನಲ್ಲ. ರಾಜಶಾಸನವೂ ಇದನ್ನು ಒಪ್ಪುವುದಿಲ್ಲ. ಸಣ್ಣ ಉದ್ದಿಮೆಗಳಿಗಾಗಿ 2006ರಲ್ಲಿ ಮಾಡಿದ ಕಾಯಿದೆಯಂತೆ, ನೋಂದಾಯಿತನಾದ ಸಣ್ಣ ಸೇವಾದಾರನಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ. ಆದರೆ ಬಡ್ಡಿಯನ್ನು ಕೇಳುವ ಕೆಲಸಗಾರನು ಎಷ್ಟು ಮಂದಿ ಉಂಟು? ಕೇಳಿದರೆ ಮುಂದಿನ ಕೆಲಸ ತಪ್ಪುವುದೆಂಬ ಭಯ. ಆ ಭಯವನ್ನೇ ಬಂಡವಾಳವಾಗಿ ಮಾಡಿಕೊಂಡ ವ್ಯಾಪಾರವು ಕಾಯಿದೆಯ ಕಣ್ಣಿಗೆ ಬೀಳದಿರಬಹುದು. ಕೊರಳಲ್ಲಿ ಲಿಂಗವನ್ನು ಧರಿಸಿದವನ ಕಣ್ಣಿಗೂ ಬೀಳದಿದ್ದರೆ ಹೇಗೆ?

ಕೆಲಸಗಾರನ ಮೇಲೆಯೂ ಹೊಣೆಯಿದೆ. ತಾನು ಮಾಡುವೆನೆಂದು ಒಪ್ಪಿಕೊಂಡುದನ್ನು ಕಡಿಮೆ ಹಣಕ್ಕೆ ಮತ್ತೊಬ್ಬನಿಗೆ ದಾಟಿಸಿ, ಸುಮ್ಮನೆ ನಡುವೆ ನಿಂತು ಉಣ್ಣುವವರೂ ಇದ್ದಾರೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಮಾರುವ ಕೆಲಸವನ್ನು ಪರರಿಗೊಪ್ಪಿಸಿದವರಲ್ಲಿ ನುಲಿಯ ಚಂದಯ್ಯನಷ್ಟು ಸೋಜಿಗದವನು ಮತ್ತೊಬ್ಬನಿಲ್ಲ. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಇಷ್ಟಲಿಂಗವನ್ನು ಅವನು ಮರಳಿ ಎತ್ತಿಕೊಳ್ಳದೆ ನಡೆದನೆಂದೂ, ಲಿಂಗವು ಬೆಂಬತ್ತಿ ಬಂದಾಗ, ಹೊಸೆದ ಹಗ್ಗವನ್ನು ಮಾರಿಕೊಂಡು ಬರುವ ಕೆಲಸವನ್ನು ಅದಕ್ಕೇ ಒಪ್ಪಿಸಿದನೆಂದೂ ಪುರಾತನರ ಕಥೆಗಳು ಹೇಳುತ್ತವೆ. ಲಿಂಗವು ಹಗ್ಗವನ್ನು ಬಸವಣ್ಣನವರಲ್ಲಿಗೆ ಒಯ್ದು, ಭಕ್ತಿಯಿಂದ ಕೊಟ್ಟ ಹೇರಳ ಹೊನ್ನನ್ನು ತಂದಿತು. ಸಾಮಾನ್ಯ ವ್ಯಾಪಾರಿಯಾಗಿದ್ದರೆ ಇಂಥ ಮಾರಾಟಗಾರನು ದೊರೆತನೆಂದು ಹಿಗ್ಗುತ್ತಿದ್ದನು. ಚಂದಯ್ಯನು ಮುನಿದನು. ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಹೆಚ್ಚಿನದು ತನ್ನದಲ್ಲವೆಂದನು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮಾರಿದವನು ಸಾಕ್ಷಾತ್ ಲಿಂಗವೇ ಆಗಿದ್ದರೂ, ಬೆಲೆಯ ಹೊಣೆ ಹಗ್ಗ ಹೊಸೆದವನದೇ ಎಂದು ಅವನು ತಿಳಿದಿದ್ದನು. ನಾನು ಮಾರಲಿಲ್ಲ, ಅವನು ಮಾರಿದನೆಂಬ ಮಾತು ಅವನ ಬಾಯಿಂದ ಬರಲಿಲ್ಲ.

ತೊಗರಿಯ ಯುವಕನಿಗೆ ಈ ಕಥೆ ಇನ್ನೊಂದು ಕಡೆಯಿಂದ ತಟ್ಟುತ್ತದೆ. ಚಿತ್ರಕಾರನಿಗೂ ಲೆಕ್ಕದವಳಿಗೂ ಅವನು ಪ್ರತಿ ಶನಿವಾರ ತಾನೇ ಕುಳಿತು ಹಣ ಸಲ್ಲಿಸಬಲ್ಲನು. ಆದರೆ ಅವನ ಚೀಲವನ್ನು ಬೆಂಗಳೂರಿನ ಮನೆಯ ಬಾಗಿಲಿಗೆ ಮುಟ್ಟಿಸುವವನು ದೊಡ್ಡ ಕಂಪನಿಯ ಆ್ಯಪಿನಲ್ಲಿ ಹೆಸರು ಬರೆಸಿದ ಬೈಕಿನ ಹುಡುಗ. ಆ ಹುಡುಗನೂ ಈ ಸೀಮೆಯಿಂದ ಗುಳೆ ಹೋದವನೇ ಇರಬಹುದು. ಇಂಥವರಿಗಾಗಿ ಕರ್ನಾಟಕವು 2025ರಲ್ಲಿ ಕಾಯಿದೆಯೊಂದನ್ನು ಮಾಡಿತು. ಪ್ರತಿ ವ್ಯವಹಾರದಲ್ಲಿ ಕೆಲಸಗಾರನಿಗೆ ಸಲ್ಲುವ ಹಣದ ಮೇಲೆ 1ರಿಂದ 5 ಪ್ರತಿಶತವನ್ನು ಕಂಪನಿಗಳು ಅವರ ಕ್ಷೇಮನಿಧಿಗೆ ತೆರಬೇಕೆಂದು ಅದರ ವಿಧಿ. ಯುವಕನು ಕಂಪನಿಯ ಒಡೆಯನಲ್ಲ, ಹುಡುಗನ ಹೆಸರೂ ಅವನಿಗೆ ತಿಳಿಯದು. ಆದರೆ ಯಾವ ಕಂಪನಿಯ ಕೈಗೆ ಚೀಲವನ್ನು ಕೊಡಬೇಕೆಂಬುದನ್ನು ನಿರ್ಣಯಿಸುವವನು ಅವನೇ. ಕಡಿಮೆ ದರ ಹೇಳಿದ ಕಂಪನಿಯನ್ನು, ಆ ದರವು ಯಾರ ಹೊಟ್ಟೆಯಿಂದ ಕಡಿಮೆಯಾಯಿತೆಂದು ಅವನು ಒಮ್ಮೆ ಕೇಳಬಹುದು. ಉತ್ತರ ಬಾರದಿದ್ದರೆ ಮತ್ತೊಂದು ಕಂಪನಿಯನ್ನು ಕೇಳಬಹುದು. ಚೀಲದ ಬೆಲೆ ಎರಡು ರೂಪಾಯಿ ಏರಿದರೆ ಕೊಳ್ಳುವ ಗೃಹಸ್ಥರು ಅದನ್ನು ಕೊಳ್ಳುವರೋ ಇಲ್ಲವೋ ಎಂಬುದು ಅವನೊಬ್ಬನ ಕೈಯಲ್ಲಿಲ್ಲ.