ಹೆದರಿಸುವ ವಿದ್ಯೆ

ಹಾಡುವುದು, ಹೊಲಿಯುವುದು, ಲೆಕ್ಕ ಬಿಡಿಸುವುದು ವಿದ್ಯೆ ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಇನ್ನೊಬ್ಬರನ್ನು ಹೆದರಿಸುವುದೂ ಒಂದು ವಿದ್ಯೆ ಎಂದರೆ ಒಪ್ಪುವವರು ಕಡಿಮೆ. ಅದು ಹುಟ್ಟುಗುಣ ಎಂದೇ ನಮ್ಮ ತಿಳುವಳಿಕೆ. 'ಅವರ ಕಣ್ಣೇ ಹಾಗೆ', 'ಆ ಮನೆತನವೇ ಜೋರು' ಎಂದು ಹೇಳಿ ಸುಮ್ಮನಾಗುತ್ತೇವೆ. ಜೋರಿನವರು ಜೋರಾಗಿಯೇ ಹುಟ್ಟುತ್ತಾರೆ, ಹೆದರುವವರು ಹೆದರುತ್ತಲೇ ಬಾಳಬೇಕು ಎಂಬ ಈ ನಂಬಿಕೆಯಿಂದ ಯಾರಿಗೆ ಅನುಕೂಲ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ಗೆಳೆಯರೊಡನೆ ಒಂದು ಆಟ ಆಡುತ್ತಾನೆ. ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. 1974ರಲ್ಲಿ ಅಮೆರಿಕದಲ್ಲಿ ಹೊರಬಂದದ್ದಂತೆ. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ ಎಂದು ಪಾತ್ರ ವಹಿಸಿಕೊಂಡು ಬಾಯಲ್ಲೇ ಕತೆ ಕಟ್ಟುತ್ತ ಹೋಗುತ್ತಾರೆ. ಪ್ರತಿ ಪಾತ್ರಕ್ಕೂ ಒಂದು ಹಾಳೆ. ಅದರಲ್ಲಿ ಗಾಯಕ್ಕೆ ಮದ್ದು ಮಾಡುವುದು, ಸದ್ದಾಗದಂತೆ ನಡೆಯುವುದು, ಪ್ರಾಣಿಗಳನ್ನು ಪಳಗಿಸುವುದು ಎಂಬ ಕೌಶಲಗಳ ಸಾಲಿನಲ್ಲೇ ಬೆದರಿಸುವುದೂ ಇದೆ. ಪಾತ್ರ ಬೆಳೆದಂತೆ ಅದರ ಅಂಕವೂ ಏರುತ್ತದೆ. ಇಪ್ಪತ್ತು ಮುಖದ ದಾಳ ಎಸೆದು, ಎದುರಾಳಿ ಹೆದರಿದನೋ ಇಲ್ಲವೋ ನೋಡುತ್ತಾರೆ. ನನಗೆ ಸೋಜಿಗವೆನಿಸಿದ್ದು ಇನ್ನೊಂದು: ಆ ಅಂಕಕ್ಕೆ ಸಾಮಾನ್ಯವಾಗಿ ಆಧಾರ ತೋಳಬಲವಲ್ಲ, ಎದುರಿನವರ ಮನಸ್ಸಿನ ಮೇಲೆ ಹಿಡಿತ ಸಾಧಿಸುವ ಶಕ್ತಿ. "ದೊಡ್ಡಮ್ಮಾ, ನೀನು ಆಡಿದರೆ ಇದೊಂದರಲ್ಲಿ ಫುಲ್ ಮಾರ್ಕ್ಸು" ಎಂದು ಅವನು ನಕ್ಕ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಆ ಮಾತು ಹೊಗಳಿಕೆಯೋ ಅಲ್ಲವೋ ಎಂದು ಯೋಚನೆಗೆ ಹತ್ತಿತು.

ಈ ಆಟ ನಮಗೂ ಹೊಸದಲ್ಲ. ಎಕ್ಕಂಬಿಯವರಾದ ನಮಗೆ ಪೇಟೆಯೆಂದರೆ ಶಿರಸಿ. ಅಲ್ಲಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಇಲ್ಲದ ವರ್ಷ ಹೋಳಿಯ ಹೊತ್ತಿಗೆ ಬೇಡರ ವೇಷ. ಬೆನ್ನಿಗೆ ಬೀಸಣಿಗೆಯಂತೆ ಬಿಚ್ಚಿದ ನವಿಲುಗರಿ, ಮುಖಕ್ಕೆ ಬಣ್ಣ, ಹತ್ತಿಯ ಮೀಸೆ, ಕೈಯಲ್ಲಿ ಕತ್ತಿ ಗುರಾಣಿ. ರಾತ್ರಿ ತಮಟೆಯ ಪೆಟ್ಟಿಗೆ ಕುಣಿಯುತ್ತ, ಅಬ್ಬರಿಸುತ್ತ ಜನರ ಮೇಲೆ ಏರಿ ಬರುತ್ತಾನೆ. ಮಕ್ಕಳು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿ, ಅಲ್ಲಿಂದಲೇ ಇಣುಕುತ್ತವೆ. ಅದೇ ಹುಡುಗ ಹಗಲಿನಲ್ಲಿ ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ತಲೆ ತಗ್ಗಿಸಿ ಕೆಲಸ ಮಾಡುವವನು. ಅವನ ಕಣ್ಣು ಹುಟ್ಟಿನಿಂದ ಹಾಗಿರಲಿಲ್ಲ. ಹೋಳಿಗೆ ಮೊದಲೇ ದಿನಗಟ್ಟಲೆ ಹಿರಿಯರಿಂದ ಹೆಜ್ಜೆ ಕಲಿತು, ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು, ಯಾವಾಗ ಏರಿ ಹೋಗಬೇಕು ಎಂದು ಅಭ್ಯಾಸ ಮಾಡಿದ್ದಾನೆ. ಹೆದರಿಸುವುದು ಕಲಿತು ಬರುವ ವಿದ್ಯೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ವೇಷದಲ್ಲಿ ನನ್ನ ಕಣ್ಣು ಹೋಗುವುದು ನವಿಲುಗರಿಯ ಮೇಲಲ್ಲ, ಹಗ್ಗದ ಮೇಲೆ. ವೇಷದವನ ಸೊಂಟಕ್ಕೆ ಹಗ್ಗ ಕಟ್ಟಿ ಹಿಂದಿನಿಂದ ಹಿಡಿದಿರುತ್ತಾರೆ. ಅವನು ಮುನ್ನುಗ್ಗಿದಂತೆಲ್ಲ ಅವರು ಜಗ್ಗುತ್ತಾರೆ. ಹಗ್ಗ ಇದೆ ಎಂಬ ಧೈರ್ಯದಿಂದಲೇ ಅವನು ಪೂರ್ತಿ ಅಬ್ಬರಿಸಬಲ್ಲ. ಹಗ್ಗ ಇದೆ ಎಂಬ ಧೈರ್ಯದಿಂದಲೇ ನಾವು ನಿಂತು ನೋಡಬಲ್ಲೆವು.

ಇದರ ಹಿಂದಿನ ಕತೆಯನ್ನು ಶಿರಸಿಯ ಕಡೆಯವರೆಲ್ಲ ಕೇಳಿದ್ದೇವೆ. ಸೋದೆ ಅರಸರ ಕಾಲದಲ್ಲಿ ಊರ ಕಾವಲಿಗೆಂದು ಮಲ್ಲೇಶಿ ಎಂಬ ವೀರನನ್ನು ನೇಮಿಸಿದರಂತೆ. ಮೊದಮೊದಲು ಕಾದ. ಆಮೇಲೆ ತನಗೆ ಎದುರಿಲ್ಲವೆಂದು ತಿಳಿದು, ಕಾಯಬೇಕಾದ ಊರಿನ ಹೆಣ್ಣುಮಕ್ಕಳನ್ನೇ ಪೀಡಿಸತೊಡಗಿದ. ದಾಸಪ್ಪ ಶೆಟ್ಟಿಯ ಮಗಳು ರುದ್ರಾಂಬಿಕೆ ಊರಿಗಾಗಿ ಅವನನ್ನು ಮದುವೆಯಾದಳು. ಹೋಳಿಯ ರಾತ್ರಿ ಅವನು ಮೈಮರೆತು ಕುಣಿಯುತ್ತಿದ್ದಾಗ ಅವನ ಕಣ್ಣಿಗೆ ಸುಡುವ ದ್ರಾವಣ ಎರಚಿದಳು. ಕುರುಡನಾದವನು ಅವಳನ್ನು ಕೊಲ್ಲಲು ನುಗ್ಗಿದ. ಆಗ ಜನ ಹಿಡಿದು ಅವನನ್ನು ಸುಟ್ಟರು. ರುದ್ರಾಂಬಿಕೆಯೂ ಅದೇ ಬೆಂಕಿಗೆ ಹಾರಿ ಸತಿಯಾದಳು ಎಂದು ಕತೆ ಮುಗಿಯುತ್ತದೆ.

ಇಲ್ಲಿಗೆ ಬಂದಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತದೆ. ಮಲ್ಲೇಶಿಯ ಹೆದರಿಸುವ ವಿದ್ಯೆ ಊರಿಗೆ ಬೇಕಾಗಿತ್ತು. ಅದಕ್ಕಾಗಿಯೇ ಅವನನ್ನು ತಂದರು. ಹಗ್ಗ ಕಟ್ಟುವುದನ್ನು ಮಾತ್ರ ಮರೆತರು. ಊರಿಗೆ ಊರೇ ಹಿಡಿಯಬೇಕಾಗಿದ್ದ ಹಗ್ಗವನ್ನು ಕೊನೆಗೆ ಒಬ್ಬ ಹುಡುಗಿಯ ಕೈಗೆ ಕೊಟ್ಟರು, ಅವಳೂ ಸುಟ್ಟುಹೋದ ಮೇಲೆ ಸತಿಯೆಂದು ಕೈಮುಗಿದರು. ಇಂದು ವೇಷದ ಹಿಂದೆ ಹಗ್ಗ ಹಿಡಿದು ಓಡುವವರನ್ನು ಕಂಡಾಗ, ಅಂದು ಮಾಡದೆ ಬಿಟ್ಟ ಕೆಲಸವನ್ನು ಊರು ಮತ್ತೆ ಮತ್ತೆ ಮಾಡಿ ಕಲಿಯುತ್ತಿದೆ ಎಂದು ನನಗೆ ಅನ್ನಿಸುತ್ತದೆ.

ಶಾಲೆಯ ಮಾತಿಗೆ ಬರುತ್ತೇನೆ. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದಾಗ ಹಿರಿಯರೊಬ್ಬರು ಹೇಳಿದ ಮೊದಲ ಉಪದೇಶ: "ಒಂದು ತಿಂಗಳು ನಗಬೇಡಿ ಅಕ್ಕೋರೆ, ಆಮೇಲೆ ವರ್ಷವಿಡೀ ನಗಬಹುದು." ಬಿ.ಎಡ್. ಪುಸ್ತಕದಲ್ಲಿ ಇಲ್ಲದ ಪಾಠವದು. ದನಿ ಏರಿಸುವುದಕ್ಕಿಂತ ಇಳಿಸಿದರೆ ಹೆಚ್ಚು ಹೆದರುತ್ತಾರೆ, ಹುಡುಗನ ಪೂರ್ತಿ ಹೆಸರು ಹಿಡಿದು ಕರೆದು ಮುಂದೆ ಏನೂ ಹೇಳದೆ ನಿಂತರೆ ಇಡೀ ವರ್ಗ ತಣ್ಣಗಾಗುತ್ತದೆ ಎಂಬ ಗುಟ್ಟುಗಳು ಎರಡು ತಿಂಗಳಲ್ಲಿ ಯಾರಿಗಾದರೂ ಬರುತ್ತವೆ. ಅಷ್ಟು ಸುಲಭವಾದದ್ದರಿಂದಲೇ ಅದು ಅಪಾಯದ್ದು. ಕಲಿಸಿದ್ದರ ಫಲ ಕಾಣಲು ಹತ್ತು ವರ್ಷ ಬೇಕು. ಹೆದರಿಸಿದ್ದರ ಫಲ ಗಂಟೆ ಬಾರಿಸುವುದರೊಳಗೆ ಸಿಗುತ್ತದೆ. ಹೆದರಿದ ಮಗು ಏಳರ ಮಗ್ಗಿ ಒಪ್ಪಿಸುತ್ತದೆ, ಪ್ರಶ್ನೆ ಕೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಕ್ಕಳನ್ನು ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಬೆತ್ತ ಬೀರುವಿಗೆ ಸೇರಿತು. ನಾಲಿಗೆ, ಕಣ್ಣು ನಮ್ಮ ಬಳಿಯೇ ಉಳಿದವು. ಕಾನೂನು ಮಾಸ್ತರರ ಸೊಂಟಕ್ಕೂ ಒಂದು ಹಗ್ಗ ಕಟ್ಟಿದೆ ಎಂದೇ ನಾನು ತಿಳಿದಿದ್ದೇನೆ, ಅದರಿಂದ ನನಗೆ ಅವಮಾನವೇನೂ ಇಲ್ಲ.

ನಮ್ಮ ನಾಟ್ಯಶಾಸ್ತ್ರದವರು ರೌದ್ರ, ಭಯಾನಕ ಎಂದು ಎರಡು ರಸಗಳನ್ನು ಬೇರೆಬೇರೆ ಇಟ್ಟರು. ರೌದ್ರದ ಮೂಲ ಕ್ರೋಧ, ಭಯಾನಕದ ಮೂಲ ಭಯ. ಯಕ್ಷಗಾನದಲ್ಲಿ ಬಣ್ಣದ ವೇಷದವನು ಎಷ್ಟೇ ಅಟ್ಟಹಾಸ ಮಾಡಲಿ, ನೋಡುವವರಲ್ಲಿ ಭಯ ಹುಟ್ಟದಿದ್ದರೆ ಅದು ಬರಿಯ ಗದ್ದಲ. ಹೆದರಿಸುವ ಕೆಲಸದ ಅರ್ಧವನ್ನು ಹೆದರುವವರೇ ಮಾಡಿಕೊಡುತ್ತಾರೆ.

ನಾವು ಹೆಂಗಸರು ಯೋಚಿಸಬೇಕಾದದ್ದು ಇದೇ. ಹೆದರಿಸುವುದು ಕಲಿತು ಬರುವುದಾದರೆ ಹೆದರುವುದೂ ಕಲಿತು ಬಂದದ್ದೇ. ಮೆಲ್ಲಗೆ ಮಾತಾಡು, ದೊಡ್ಡವರ ಎದುರು ನಿಲ್ಲಬೇಡ, ಯಾರೋ ಏನೋ ಅಂದರೆ ಕೇಳಿಸದಂತೆ ಹೋಗಿಬಿಡು ಎಂದು ಹುಡುಗಿಗೆ ಐದನೇ ವರ್ಷದಿಂದ ತರಬೇತಿ. ಹನ್ನೆರಡಾಗುವ ಹೊತ್ತಿಗೆ ಅವಳು ಅದರಲ್ಲಿ ಪ್ರವೀಣೆ. ಹೆದರಿದವರ ಮೇಲೆ ಹಾವೆಸೆಯುವವರಿಗೆ ನಾವೇ ಆಳು ತಯಾರು ಮಾಡಿಕೊಟ್ಟಂತಾಯಿತು. ಒಮ್ಮೆ ಹುಬ್ಬಳ್ಳಿ ರಸ್ತೆಯ ತುಂಬಿದ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಹಿಂದೆ ತಿರುಗಿ, ಒಬ್ಬ ಗಂಡಸನ್ನು "ಕೈ ಎಲ್ಲಿಟ್ಟಿದ್ದೀರಿ ಹೇಳಿ, ಎಲ್ಲರೂ ಕೇಳಲಿ" ಎಂದಳು. ಬಸ್ಸಿಗೆ ಬಸ್ಸೇ ಮೌನವಾಯಿತು. ಆತ ಮುಂದಿನ ಸ್ಟಾಪಿನಲ್ಲಿ ಇಳಿದ. ಆಕೆ ಅವನನ್ನು ಹೆದರಿಸಿದ್ದು ನಿಜ. ಕಚ್ಚುವುದನ್ನು ಬಿಟ್ಟ ಹಾವು ಬುಸುಗುಟ್ಟುವುದನ್ನೂ ಬಿಟ್ಟು ಹುಡುಗರಿಂದ ಕಲ್ಲೇಟು ತಿಂದ ಕತೆಯನ್ನು ರಾಮಕೃಷ್ಣ ಪರಮಹಂಸರು ಹೇಳುತ್ತಿದ್ದರು. ಆ ಹುಡುಗಿ ಬುಸುಗುಟ್ಟಿದಳು, ಕಚ್ಚಲಿಲ್ಲ.

ಹಾಗೆಂದು ಈ ವಿದ್ಯೆ ಗಂಡಸರದ್ದು ಮಾತ್ರ ಎಂದು ನಾವು ನುಣುಚಿಕೊಳ್ಳುವಂತಿಲ್ಲ. ಅಡಿಗೆಮನೆಯಲ್ಲಿ ಪಾತ್ರೆ ಕುಕ್ಕುವ ಸದ್ದಿನಿಂದಲೇ ಸೊಸೆಯ ಕೈ ನಡುಗಿಸುವ ಅತ್ತೆಯರಿದ್ದಾರೆ. ಮೂರು ದಿನ ಮಾತು ಬಿಟ್ಟು ಅತ್ತೆಯನ್ನು ಹೆದರಿಸುವ ಸೊಸೆಯರೂ ಇದ್ದಾರೆ. ಜೀವಕ್ಕೋ ಮಾನಕ್ಕೋ ಆಸ್ತಿಗೋ ಹಾನಿ ಮಾಡುತ್ತೇನೆಂದು ಬೆದರಿಸಿದರೆ 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿದೆ. ಪಾತ್ರೆಯ ಸದ್ದಿಗೆ, ಮೌನಕ್ಕೆ ಕಲಮಿಲ್ಲ. ಅಲ್ಲಿ ನಮ್ಮ ಹಗ್ಗವನ್ನು ನಮ್ಮವರೇ ಹಿಡಿಯಬೇಕು.

ಹಾಗಾದರೆ ಈ ವಿದ್ಯೆ ಕಲಿಯಬೇಕೋ ಬೇಡವೋ? ಕಲಿಯಬೇಕು ಎಂದೇ ನನ್ನ ಅಭಿಪ್ರಾಯ. ನಮ್ಮ ಹೆಣ್ಣುಮಕ್ಕಳಂತೂ ಕಲಿಯಬೇಕು. ಆದರೆ ವೇಷದಂತೆ ಕಲಿಯಬೇಕು, ಕೆಲಸ ಮುಗಿದ ಮೇಲೆ ಬಣ್ಣ ತೊಳೆದುಕೊಳ್ಳಲು ಬರಬೇಕು. "ಸಾಕು, ಇನ್ನು ನಿಲ್ಲು" ಎಂದು ನಮಗೆ ಹೇಳಬಲ್ಲವರು ಮನೆಯಲ್ಲಿ, ಶಾಲೆಯಲ್ಲಿ ಒಬ್ಬರಾದರೂ ಇರಬೇಕು; ಅವರು ಹೇಳಿದಾಗ ನಿಲ್ಲಲೂಬೇಕು. ಅಂಥವರು ಯಾರೂ ಉಳಿದಿಲ್ಲವೆಂದರೆ, ಎಲ್ಲರೂ ನಮಗೆ ಗೌರವ ಕೊಡುತ್ತಿದ್ದಾರೆಂದು ಸಂತೋಷಪಡುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡುವುದು ಒಳ್ಳೆಯದು.