ಬಾಡಿಗೆಯ ರೊಕ್ಕ ಯಾರ ದುಡಿಮೆ?

ನಮ್ಮ ಜತ್ತ, ಮಿರಜ ತಾಲೂಕಿನ ಹಳ್ಳಿಗಳಲ್ಲಿ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದರೆ ಮೊದಲು ಹೊಲ, ಆಮೇಲೆ ಬಂಗಾರ ಅನ್ನುತ್ತಿದ್ದರು. ಈಗ ದ್ರಾಕ್ಷಿಯ ರೊಕ್ಕ ಕಂಡವರೂ ನೌಕರಿಯಿಂದ ನಿವೃತ್ತರಾದವರೂ ಸಾಂಗಲಿ, ಮಿರಜದ ಕಡೆ ನೋಡುತ್ತಾರೆ. “ನಾಲ್ಕು ಮನಿ ಇರೋ ಒಂದು ಬಿಲ್ಡಿಂಗ ತೊಗೊಂಡ್ರ ಸಾಕು, ಕುಂತಲ್ಲೇ ಬಾಡಿಗಿ ಬರತೈತಿ” ಎಂಬ ಮಾತನ್ನು ಕಟ್ಟೆಯ ಮೇಲೆ ಆಗಾಗ ಕೇಳುತ್ತೇನೆ. ಈ ‘ಕುಂತಲ್ಲೇ’ ಎಂಬ ಶಬ್ದವೇ ನನ್ನನ್ನು ವಿಚಾರಕ್ಕೆ ಹಚ್ಚಿದೆ. ಶರಣರು ಕಾಯಕವನ್ನು ಎತ್ತಿ ಹಿಡಿದ ನಾಡಿನಲ್ಲಿ ಕುಂತು ತಿನ್ನುವ ರೊಕ್ಕ ನ್ಯಾಯದ್ದೇ?

ಬಾಡಿಗೆಯೆಲ್ಲ ಪಾಪದ ರೊಕ್ಕ ಎಂದುಬಿಡುವುದು ಸುಲಭ, ಆದರೆ ಅದು ಸರಿಯಲ್ಲ. ಡಾ. ವಾನ್ಲೆಸ್ ಅವರ ಮಿಷನ್ ಆಸ್ಪತ್ರೆ 1894ರಲ್ಲಿ ಶುರುವಾದಂದಿನಿಂದ ಮಿರಜ ದವಾಖಾನೆಗಳ ಊರು. ರೋಗಿಯ ಜೊತೆ ಬಂದವರು, ನರ್ಸಿಂಗ್ ಕಲಿಯುವ ಹುಡುಗಿಯರು, ವರ್ಗವಾಗಿ ಬಂದ ಮಾಸ್ತರರು, ಇವರಿಗೆಲ್ಲ ಕೆಲವು ತಿಂಗಳಿಗೋ ವರ್ಷಕ್ಕೋ ಒಂದು ಸೂರು ಬೇಕು. ಕೊಳ್ಳುವ ಶಕ್ತಿ ಇಲ್ಲ, ಕೊಳ್ಳುವ ಅಗತ್ಯವೂ ಇಲ್ಲ. ಅಂಥವರಿಗೆ ನೀರು, ಬೆಳಕು ಸರಿಯಿರುವ ಮನೆಯನ್ನು ಸಿದ್ಧವಾಗಿಟ್ಟರೆ ಅದೂ ಕಾಯಕವೇ. ಹಾಗಾದರೆ ಪ್ರಶ್ನೆ ಇರುವುದು ಬಾಡಿಗೆ ತೆಗೆದುಕೊಳ್ಳುವುದರಲ್ಲಲ್ಲ, ಕುಂತೇ ತೆಗೆದುಕೊಳ್ಳುವುದರಲ್ಲಿ.

ಹೊಲದ ಉದಾಹರಣೆ ನೋಡೋಣ. ಪಾಲಿಗೆ ಹಾಕಿದರೆ ಮಳೆ ಹೋದ ವರ್ಷ ಒಡೆಯನಿಗೂ ಕಡಿಮೆ, ಒಕ್ಕಲಿಗೂ ಕಡಿಮೆ. ಲಾವಣಿ ಹಾಕಿದರೆ ಬೆಳೆ ಬರಲಿ ಬಿಡಲಿ, ಒಡೆಯನ ರೊಕ್ಕ ಒಡೆಯನಿಗೆ. ಮನೆಯ ಬಾಡಿಗೆ ಲಾವಣಿಯ ಜಾತಿಯದು. ಸುಖದ ದಿನಗಳಲ್ಲಿ ಇದರ ಅನ್ಯಾಯ ಕಾಣುವುದಿಲ್ಲ. ಸಾಂಗಲಿಯಲ್ಲಿ ಅದನ್ನು ತೋರಿಸುವವಳು ಕೃಷ್ಣೆ. 2005ರಲ್ಲಿ ಬಂದಳು, 2019ರಲ್ಲಿ ಬಂದಳು, 2021ರಲ್ಲೂ ಬಂದಳು. ಆಯರ್ವಿನ್ ಸೇತುವೆಯ ಹತ್ತಿರ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟ್‌ನಲ್ಲಿ ನೀರು 57 ಅಡಿ ದಾಟಿತ್ತು. ಅಂಥ ಹೊತ್ತಿನಲ್ಲಿ ಕೆಳಗಿನ ಮನೆಯವರ ಹಾಸಿಗೆ, ಹಿಟ್ಟು, ಮಕ್ಕಳ ಪುಸ್ತಕ ಎಲ್ಲ ಕೆಸರು. ಗೋಡೆ ಮಾತ್ರ ಒಡೆಯನದು. ಆ ತಿಂಗಳ ಬಾಡಿಗೆ ಕೇಳಬೇಕೋ ಬೇಡವೋ? ಕೇಳಬಾರದು ಎಂದು ನಾವೆಲ್ಲ ಕಟ್ಟೆಯ ಮೇಲೆ ಕುಂತು ಹೇಳಬಹುದು. ಆದರೆ ಬ್ಯಾಂಕಿನ ಕಂತು ಹೊಳೆ ಬಂತೆಂದು ನಿಲ್ಲುತ್ತದೆಯೇ?

ಇಲ್ಲಿಯೇ ಗಂಟು ಇದೆ. ಬಿಲ್ಡಿಂಗಿಗೆ 80 ಲಕ್ಷ, ನಾಲ್ಕು ಮನೆಗೆ ತಲಾ 7,000 ಬಾಡಿಗೆ ಅಂದುಕೊಳ್ಳೋಣ. ವರ್ಷಕ್ಕೆ 3,36,000 ಆಯಿತು. 50 ಲಕ್ಷ ಸಾಲವನ್ನು ನೂರಕ್ಕೆ 9ರಂತೆ ತೆಗೆದಿದ್ದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 4,50,000. ಅಸಲು, ಘರಪಟ್ಟಿ, ರಿಪೇರಿ ಬೇರೆ. ಇಂಥ ಒಡೆಯ ಎಷ್ಟೇ ಒಳ್ಳೆಯವನಿರಲಿ, ಸೋರುವ ಮಾಳಿಗೆಯನ್ನು ಮುಂದೂಡುತ್ತಾನೆ, ಡಿಪಾಜಿಟ್ ಹಿಡಿಯುತ್ತಾನೆ, ಹೊಳೆ ಬಂದ ತಿಂಗಳೂ ಬಾಗಿಲು ಬಡಿಯುತ್ತಾನೆ. ಸಾಲ 20 ಲಕ್ಷವೇ ಇದ್ದರೆ ಬಡ್ಡಿ 1,80,000. ಉಳಿದ 1,56,000ದಲ್ಲಿ ಒಂದು ತಿಂಗಳ ಬಾಡಿಗೆ ಬಿಡುವ ಧೈರ್ಯ ಬರುತ್ತದೆ. ಮನುಷ್ಯ ಅದೇ, ಮನಸ್ಸೂ ಅದೇ. ಬದಲಾದದ್ದು ಸಾಲ.

ಕಾಯ್ದೆ ಇಲ್ಲವೆಂದಲ್ಲ. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯಂತೆ ಕರಾರುಪತ್ರ ಬರೆದು ನೋಂದಣಿ ಮಾಡಿಸುವ ಹೊಣೆ ಒಡೆಯನದು. ಮನೆಯನ್ನು ದುರಸ್ತಿಯಲ್ಲಿಡಬೇಕು. ಬಾಡಿಗೆದಾರನ ನೀರು, ಕರೆಂಟು ಸುಮ್ಮನೆ ಕಡಿಯುವಂತಿಲ್ಲ. ಇವು ಮಾಡಲೇಬೇಕಾದವು. ಮಾಡಬೇಕಾದದ್ದು ಅದಕ್ಕಿಂತ ಹೆಚ್ಚಿದೆ, ಅದನ್ನು ಯಾವ ಕಾಯ್ದೆಯೂ ಮಾಡಿಸಲಾರದು.

ಒಳ್ಳೆಯತನವೆಂದರೆ ಕಷ್ಟ ಬಂದಾಗ ತೋರಿಸುವ ಕರುಣೆ ಎಂದು ನಾವು ತಿಳಿಯುತ್ತೇವೆ. ಬಾಡಿಗೆಯ ವ್ಯವಹಾರದಲ್ಲಿ ಕರುಣೆಗೆ ಮೊದಲೇ ಜಾಗ ಬಿಟ್ಟಿರಬೇಕು, ಕಾಗದಕ್ಕೆ ಸಹಿ ಹಾಕುವ ಮುಂಚೆ. ಆದ್ದರಿಂದ ಬಿಲ್ಡಿಂಗ್ ಕೊಳ್ಳಹೊರಟ ನಮ್ಮೂರ ತಮ್ಮಂದಿರಿಗೆ ನಾನು ಎರಡೇ ಪ್ರಶ್ನೆ ಕೇಳುತ್ತೇನೆ: “ನೀರು ಎಲ್ಲೀತನಕ ಬಂದಿತ್ತು ಅಂತ ಆ ಓಣಿಯವ್ರನ್ನ ಕೇಳಿದೇನು? ಮೂರು ತಿಂಗಳು ಬಾಡಿಗಿ ಬರಲಿಲ್ಲಂದ್ರ ನಿನ್ನ ಕಂತು ನಡೀತೈತೇನು?” ಎರಡಕ್ಕೂ ಉತ್ತರ ಇದ್ದವನು ಕೊಳ್ಳಲಿ. ಇಲ್ಲದವನು ಸಣ್ಣದೊಂದು ಮನೆ ನೋಡಲಿ, ಇಲ್ಲವೇ ಇನ್ನೆರಡು ವರ್ಷ ತಡೆಯಲಿ.